ಜಾರುವ ದಾರಿಗೊಂದು ಗಾಡಿ

ಹಿಮ ಬೀಳುವ ನಾಡಿನವರಿಗೂ ಮಳೆ ಬೀಳುವ ನಾಡಿನವರಾದ ನಮಗೂ ಒಂದು ವಿಷಯದಲ್ಲಿ ನೆಂಟಸ್ತಿಕೆಯುಂಟು: ಇಬ್ಬರ ಗಾಡಿಯ ಗಾಲಿಗಳೂ ಜಾರುತ್ತವೆ. ಅವರಿಗೆ ನವೆಂಬರಿನಿಂದ ಏಪ್ರಿಲಿನವರೆಗೆ, ನಮಗೆ ಜೂನಿನಿಂದ ಅಕ್ಟೋಬರಿನವರೆಗೆ. ಅವರ ದಾರಿ ಬೆಳ್ಳಗಿರುತ್ತದೆ, ನಮ್ಮದು ಕೆಂಪಗಿರುತ್ತದೆ. ಬಣ್ಣವೊಂದನ್ನು ಬಿಟ್ಟರೆ ಗಾಲಿಯ ಸಂಕಟದಲ್ಲಿ ಹೆಚ್ಚಿನ ಭೇದವಿಲ್ಲ. ಆದರೆ ಆ ದಾರಿಯನ್ನು ತುಳಿಯುವ ಉದ್ದೇಶದಲ್ಲಿ ಭೇದವುಂಟು. ಅವರಲ್ಲಿ ಅನೇಕರು ಹೋಗುವುದು ವಿನೋದಕ್ಕೆ. ಕಾಲಿಗೆ ಉದ್ದನೆಯ ಹಲಗೆಗಳನ್ನು ಕಟ್ಟಿಕೊಂಡು ಬೆಟ್ಟದ ನೆತ್ತಿಯಿಂದ ಬುಡಕ್ಕೆ ಜಾರುವ ‘ಸ್ಕೀ’ ಎಂಬ ಆಟಕ್ಕೆ. ನಾವು ಹೋಗುವುದು ಅಡಿಕೆ ಮಾರುವುದಕ್ಕೆ, ಮಕ್ಕಳನ್ನು ಶಾಲೆಗೆ ಮುಟ್ಟಿಸುವುದಕ್ಕೆ, ಕಾಯಿಲೆಯವರನ್ನು ಆಸ್ಪತ್ರೆಗೆ ಒಯ್ಯುವುದಕ್ಕೆ. ಬೇಕೆಂದು ಜಾರುವವರು ಅವರು. ಬೇಡವೆಂದರೂ ಜಾರುವವರು ನಾವು.

ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳ ನಕ್ಷೆಯನ್ನು ನೋಡಿದವರು ನನ್ನ ಮಾತನ್ನು ಒಪ್ಪಲಾರರು. ಮಾಣಿಯಿಂದ ಹೊರಟು ಪುತ್ತೂರು, ಸುಳ್ಯ, ಸಂಪಾಜೆಗಳ ಮೂಲಕ ಮಡಿಕೇರಿಗೆ ಏರುವ 275ನೆಯ ರಾಷ್ಟ್ರೀಯ ಹೆದ್ದಾರಿ ಅಲ್ಲಿದೆ. ಉಪ್ಪಿನಂಗಡಿ, ನೆಲ್ಯಾಡಿ, ಗುಂಡ್ಯಗಳನ್ನು ದಾಟಿ ಶಿರಾಡಿ ಘಾಟಿಯನ್ನು ಹತ್ತುವ 75ನೆಯ ಹೆದ್ದಾರಿ ಅಲ್ಲಿದೆ. ಸುಬ್ರಹ್ಮಣ್ಯಕ್ಕೆ ಎಷ್ಟು ಕಡೆಗಳಿಂದ ಡಾಮರು ರಸ್ತೆಗಳಿಲ್ಲ! ಆದರೆ ಈ ಸೀಮೆಯ ಮನೆಗಳು ಹೆದ್ದಾರಿಯ ಬದಿಯಲ್ಲಿಲ್ಲ. ಬಯಲುಸೀಮೆಯ ಹಾಗೆ ಇಲ್ಲಿ ಊರೆಂದರೆ ಒತ್ತೊತ್ತಾಗಿ ಕಟ್ಟಿದ ಮನೆಗಳ ಗುಂಪಲ್ಲ. ಒಂದೊಂದು ಮನೆಗೆ ಒಂದೊಂದು ಕಣಿವೆ. ಕೆಳಗೆ ಅಡಿಕೆಯ ತೋಟ, ನಡುವೆ ಮನೆ, ಮೇಲೆ ಗುಡ್ಡ. ಡಾಮರು ರಸ್ತೆಯಿಂದ ಅಂಗಳದವರೆಗಿನ ಒಂದೆರಡು ಮೈಲು ದಾರಿಯನ್ನು ಮನೆಯವರೇ ಕಡಿದುಕೊಂಡಿರುತ್ತಾರೆ. ಶಿವರಾಮ ಕಾರಂತರು ‘ಬೆಟ್ಟದ ಜೀವ’ವನ್ನು ಬರೆದ 1943ರ ಸುಮಾರಿಗೆ ಇಂಥ ಮನೆಗಳಿಗೆ ಕಾಲ್ನಡಿಗೆಯೊಂದೇ ಗತಿಯಾಗಿತ್ತು, ಕಾಡಿನಲ್ಲಿ ದಾರಿ ತಪ್ಪಿದವನಿಗೆ ಗೋಪಾಲಯ್ಯನವರ ಮನೆ ಸಿಕ್ಕಿದುದು ನಡೆದು ನಡೆದೇ. ಇಂದು ಅಂಗಳಕ್ಕೆ ಗಾಡಿ ಬರಬೇಕು. ಬೇಸಗೆಯಲ್ಲಿ ಬರುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಯುವ ನೆಲದಲ್ಲಿ ಆ ಮೈಲು ದಾರಿ ಮಳೆಗಾಲದಲ್ಲಿ ಏನಾಗುವುದೆಂಬುದನ್ನು ನಮ್ಮ ಕಡೆಯ ವಾಚಕರಿಗೆ ವಿವರಿಸಬೇಕಾಗಿಲ್ಲ.

ಈ ವಿಚಾರವನ್ನು ನಾನು ಲೆಕ್ಕಹಾಕಿ ಯೋಚಿಸಬೇಕಾಗಿ ಬಂದುದು ನನ್ನ ಅಣ್ಣನ ಮನೆಯ ಕಾರಣದಿಂದ. ಗುತ್ತಿಗಾರಿನಿಂದ ಆಚೆ, ಗುಡ್ಡದ ಮಗ್ಗುಲಲ್ಲಿ ಅವನ ಮನೆ. 2024ರ ಕೊನೆಯಲ್ಲಿ ಅತ್ತಿಗೆಯ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದುವು; ವಾರಕ್ಕೆ ಮೂರು ದಿನ, ಪ್ರತಿ ಸಲವೂ ಸುಮಾರು ನಾಲ್ಕು ಗಂಟೆ ಡಯಾಲಿಸಿಸ್ ಆಗಬೇಕೆಂದು ವೈದ್ಯರು ಹೇಳಿದರು. ಬೇಸಗೆಯಲ್ಲಿ ಅಣ್ಣನೇ ತನ್ನ ಸಣ್ಣ ಕಾರಿನಲ್ಲಿ ಅವರನ್ನು ಸುಳ್ಯಕ್ಕೆ ಕರೆದುಕೊಂಡು ಹೋಗಿ ಬರುತ್ತಿದ್ದ. ಆದರೆ ಆ ಕಾರನ್ನು ಪ್ರತಿವರ್ಷವೂ ಜೂನ್ ಮೊದಲ ವಾರದಲ್ಲಿ ಡಾಮರು ರಸ್ತೆಯ ಬದಿಯ ಅಂಗಡಿಯೊಂದರ ಮಾಡಿನ ಕೆಳಗೆ ನಿಲ್ಲಿಸಿ ಬರುವುದು ವಾಡಿಕೆ. ದೀಪಾವಳಿಯ ಹೊತ್ತಿಗೆ ಅದು ಮತ್ತೆ ಮನೆಗೆ ಏರುವುದು. ನಡುವಿನ ತಿಂಗಳುಗಳಲ್ಲಿ ಎಲ್ಲರೂ ಕೊಡೆ ಹಿಡಿದು ನಡೆಯುವವರೇ. ನಡೆಯಲಾರದವರನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ವರು ಹೊತ್ತು ತರುವುದೂ ಉಂಟು. ವರ್ಷಕ್ಕೊಮ್ಮೆ ಹಾಗೆ ಹೊರಬಹುದು. ವಾರಕ್ಕೆ ಮೂರು ಸಲ ಹೊರುವವರಾರು? ಒಂದು ಸರದಿ ತಪ್ಪಿದರೆ ದೇಹದಲ್ಲಿ ನೀರೂ ಪೊಟಾಸಿಯಂ ಲವಣವೂ ಏರಿ ಹೃದಯಕ್ಕೆ ಕೇಡಾಗುತ್ತದೆ. ಮಳೆಗಾಲಕ್ಕೆ ಐದು ತಿಂಗಳಿರುವಾಗ ಅಣ್ಣ ನನ್ನನ್ನು ಕರೆಯಿಸಿ, ‘ಮಳೆಯಲ್ಲಿಯೂ ಏರುವ ಗಾಡಿಯೊಂದು ಆಗಬೇಕು. ನೀನು ವಿಜ್ಞಾನ ಕಲಿಸಿದವನು, ನೋಡಿ ಹೇಳು’ ಎಂದ.

ಹಣ ಬೇಕಾದಷ್ಟು ಇದ್ದಿದ್ದರೆ ಈ ಪ್ರಶ್ನೆ ಇಷ್ಟು ಕಠಿಣವಾಗುತ್ತಿರಲಿಲ್ಲ. ಸುಳ್ಯ ಸೀಮೆಯ ತೋಟಗಳಿಗೆ ಹಳದಿ ಎಲೆ ರೋಗ ಹಿಡಿದು ದಶಕಗಳಾದುವು. ಈಚೆಗೆ ಎಲೆಚುಕ್ಕಿ ರೋಗವೂ ಸೇರಿದೆ. ಅಡಿಕೆಯ ಧಾರಣೆ ಏರಿದೆಯೆಂದು ಪತ್ರಿಕೆಗಳಲ್ಲಿ ಓದುವ ಪೇಟೆಯವರಿಗೆ ಮರದಲ್ಲಿ ಅಡಿಕೆಯಿಲ್ಲದ ಸಂಗತಿ ತಿಳಿಯದು. ಗಾಡಿಗೆಂದು ಇಟ್ಟ ಹಣವೆಲ್ಲ ಔಷಧದ ಹಣದ ಪಕ್ಕದಲ್ಲಿಯೇ ಇತ್ತು.

ಕುಟುಂಬದಲ್ಲಿ ಗಾಡಿಯ ಮಾತು ಹೊರಟರೆ ಎಲ್ಲರೂ ಪಂಡಿತರೇ. ಬೆಂಗಳೂರಿನಲ್ಲಿರುವ ಅಣ್ಣನ ಮಗ ‘ಥಾರ್ ತೆಗೆಯುವ’ ಎಂದ. ಭಾವನವರು, ‘ಹಳೆಯ ಮಹೀಂದ್ರ ಜೀಪಿನ ಮುಂದೆ ಯಾವುದೂ ಇಲ್ಲ’ ಎಂದರು. ನೆರೆಯವರೊಬ್ಬರು ಮಾರುತಿ ಜಿಪ್ಸಿಯ ಗುಣಗಾನ ಮಾಡಿದರು. ಅತ್ತಿಗೆ ಮಾತ್ರ, ‘ಗಾಡಿಯ ಹೆಸರು ಯಾವುದಾದರೂ ಆಗಲಿ. ಹತ್ತುವಾಗಲೂ ಇಳಿಯುವಾಗಲೂ ನನ್ನನ್ನು ಯಾರೂ ಎತ್ತುವ ಹಾಗೆ ಆಗಬಾರದು’ ಎಂದರು. ಉಳಿದವರ ಮಾತಿನಲ್ಲಿ ಗಾಡಿಯಿತ್ತು. ಅವರ ಮಾತಿನಲ್ಲಿ ಅದರೊಳಗೆ ಕೂರಬೇಕಾದ ಮನುಷ್ಯರಿದ್ದರು.

ಮೊದಲು ಆ ದಾರಿ ಏಕೆ ಜಾರುತ್ತದೆಂಬುದನ್ನು ನೋಡೋಣ. ವಿದ್ಯಾರ್ಥಿಗಳಾದ ವಾಚಕರು ಘರ್ಷಣೆಯ ಪಾಠವನ್ನು ನೆನಪಿಸಿಕೊಳ್ಳಬೇಕು. ಗಾಲಿ ನೆಲವನ್ನು ಎಷ್ಟು ಬಲದಿಂದ ಹಿಂದಕ್ಕೆ ತಳ್ಳಬಲ್ಲುದೆಂಬುದು ಎರಡು ಸಂಗತಿಗಳನ್ನು ಹೊಂದಿಕೊಂಡಿದೆ: ಆ ಗಾಲಿಯ ಮೇಲಿರುವ ಭಾರ, ಮತ್ತು ನೆಲಕ್ಕೂ ಗಾಲಿಗೂ ಇರುವ ಘರ್ಷಣೆಯ ಗುಣಾಂಕ. ಒಣಗಿದ ಡಾಮರಿನ ಮೇಲೆ ಈ ಗುಣಾಂಕ 0.7ಕ್ಕೂ ಮೇಲಿರುತ್ತದೆ. ತುಳಿದು ಗಟ್ಟಿಯಾದ ಹಿಮದ ಮೇಲೆ ಅದು 0.2ರಿಂದ 0.3, ಮಂಜುಗಡ್ಡೆಯ ಮೇಲೆ 0.1ರ ಆಸುಪಾಸು. ನಮ್ಮ ಒದ್ದೆಯ ಜೇಡಿಯಲ್ಲಿ 0.3 ಸಿಕ್ಕಿದರೆ ಅದೇ ಪುಣ್ಯ. ಅಣ್ಣನ ದಾರಿಯ ಅತಿ ಕಡಿದಾದ ತುಂಡನ್ನು ನಾನು ಹಗ್ಗ ಹಿಡಿದು ಅಳೆದೆ. ಐದು ಅಡಿ ಮುಂದೆ ಹೋದರೆ ಒಂದು ಅಡಿ ಮೇಲಕ್ಕೆ ಏರುತ್ತದೆ. ಅಂಥ ಏರನ್ನು ಹತ್ತಬೇಕಾದರೆ ಗಾಡಿಯ ಒಟ್ಟು ಭಾರದ ಸುಮಾರು ಐದನೆಯ ಒಂದು ಪಾಲಿನಷ್ಟು ಬಲವನ್ನು ಗಾಲಿಗಳು ನೆಲದಿಂದ ಪಡೆಯಬೇಕು. ನಾಲ್ಕು ಗಾಲಿಗಳೂ ತಳ್ಳಿದರೆ ಗುಣಾಂಕ 0.2 ಇದ್ದರೂ ಸಾಕು. ಎರಡೇ ಗಾಲಿಗಳು ತಳ್ಳಿದರೆ, ಅವುಗಳ ಮೇಲೆ ಅರ್ಧ ಭಾರವೇ ಇರುವುದರಿಂದ, 0.4 ಬೇಕು. ಜೇಡಿ ಕೊಡುವುದು 0.3. ಎರಡು ಗಾಲಿಯ ಗಾಡಿ ಏಕೆ ಸೋಲುತ್ತದೆ, ನಾಲ್ಕು ಗಾಲಿಯದು ಏಕೆ ಗೆಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ರಹಸ್ಯವಿಲ್ಲ.

ಇದರಲ್ಲಿ ಇನ್ನೊಂದು ಸೂಕ್ಷ್ಮವುಂಟು. 1983ರಲ್ಲಿ ಮಾರುತಿ 800 ಬಂದ ಮೇಲೆ ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಿನವುಗಳಿಗೆ ಮುಂದಿನ ಗಾಲಿಗಳೇ ಎಳೆಯುವ ಗಾಲಿಗಳಾದುವು. ಏರು ಹತ್ತುವಾಗ ಭಾರ ಹಿಂದಕ್ಕೆ ಸರಿಯುತ್ತದೆ. ಎಳೆಯಬೇಕಾದ ಮುಂದಿನ ಗಾಲಿಗಳು ಹಗುರಾಗಿ ಸುಮ್ಮನೆ ಸುತ್ತುತ್ತವೆ. ನಮ್ಮ ಕಡೆಯಲ್ಲಿ ಕೆಲವರು ಮಳೆಗಾಲದಲ್ಲಿ ಕಾರನ್ನು ಹಿಂದುಮುಂದಾಗಿ ತಿರುಗಿಸಿ, ರಿವರ್ಸ್ ಗೇರಿನಲ್ಲಿ ಗುಡ್ಡಕ್ಕೆ ಏರಿಸುವುದನ್ನು ವಾಚಕರು ಕಂಡಿರಬಹುದು. ಅದು ಹುಡುಗಾಟವಲ್ಲ, ಶಾಸ್ತ್ರಸಮ್ಮತವಾದ ಉಪಾಯ. ಆದರೆ ಎಪ್ಪತ್ತು ದಾಟಿದ ಅಣ್ಣನಿಗೆ, ಕತ್ತು ತಿರುಗಿಸಿಕೊಂಡು ಮಳೆಯಲ್ಲಿ ಹಿಂದುಹಿಂದಾಗಿ ಏರುವ ವಿದ್ಯೆಯನ್ನು ಯಾರು ಹೇಳಿಕೊಡುವುದು?

ನಾಲ್ಕು ಗಾಲಿಗಳಿಗೂ ಎಂಜಿನಿನ ಬಲವನ್ನು ಹಂಚುವ ಉಪಾಯ ಹೊಸದಲ್ಲ. ಹಾಲೆಂಡಿನ ಸ್ಪೈಕರ್ ಕಂಪೆನಿ 1903ರಲ್ಲಿಯೇ ಅಂಥ ಕಾರೊಂದನ್ನು ಕಟ್ಟಿತ್ತು. ಆದರೆ ಲೋಕಕ್ಕೆ ಅದನ್ನು ರೂಢಿಮಾಡಿಕೊಟ್ಟುದು ಎರಡನೆಯ ಮಹಾಯುದ್ಧದ ಜೀಪು. 1941ರಿಂದ ಯುದ್ಧ ಮುಗಿಯುವವರೆಗೆ ವಿಲ್ಲಿಸ್ ಮತ್ತು ಫೋರ್ಡ್ ಕಂಪೆನಿಗಳು ಅಂಥ ಆರು ಲಕ್ಷಕ್ಕೂ ಮೀರಿದ ಗಾಡಿಗಳನ್ನು ಕಟ್ಟಿದುವು. ಸ್ವಾತಂತ್ರ್ಯ ಬಂದ 1947ರಲ್ಲಿ ಮಹೀಂದ್ರ ಸಂಸ್ಥೆ ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿತು. ಆ ವಂಶದ ಕುಡಿಗಳೇ ಸುಳ್ಯ ಕಡಬಗಳ ಸರ್ವೀಸ್ ಜೀಪುಗಳು. ಬಸ್ಸು ಹೋಗದ ಊರುಗಳಿಗೆ ಅವೇ ಬಸ್ಸು, ಲಾರಿ ಬಾರದ ಮನೆಗಳಿಗೆ ಅವೇ ಲಾರಿ, ಮದುವೆಗೆ ದಿಬ್ಬಣ, ಹೆರಿಗೆಗೆ ಆಂಬುಲೆನ್ಸು. ಒಳಗೆ ಹತ್ತು ಮಂದಿ, ಹಿಂದೆ ನೇತಾಡುವವರು ಐದು ಮಂದಿ, ಮೇಲೆ ಅಡಿಕೆಯ ಮೂಟೆ. ಅವುಗಳಲ್ಲಿ ಅನೇಕವು ಹಿಂದಿನ ಎರಡು ಗಾಲಿಗಳಿಂದಲೇ ನಡೆಯುವಂಥವು. ಮಳೆಗಾಲದಲ್ಲಿ ಆ ಗಾಲಿಗಳಿಗೆ ಕಬ್ಬಿಣದ ಚೈನು ಕಟ್ಟಿ ಕೆಸರಿನಲ್ಲಿ ಹತ್ತಿಸುತ್ತಾರೆ. ಹಿಮದ ನಾಡಿನವರೂ ಇದನ್ನೇ ಮಾಡುತ್ತಾರೆ. ಆಲ್ಪ್ಸ್ ಪರ್ವತದ ಚಾಲಕನೂ ಕೊಲ್ಲಮೊಗ್ರಿನ ಚಾಲಕನೂ ಒಬ್ಬರನ್ನೊಬ್ಬರು ಕಾಣದೆಯೇ ಒಂದೇ ಮದ್ದನ್ನು ಹಿಡಿದಿರುವುದು ಸೋಜಿಗವಲ್ಲವೆ?

ಜೀಪಿನ ಶಕ್ತಿಯನ್ನು ಸಣ್ಣ ಕಾರಿನ ಸೌಖ್ಯದೊಡನೆ ಕೂಡಿಸಬೇಕೆಂಬ ಬಯಕೆ ಹಿಮದ ನಾಡುಗಳಲ್ಲಿ ಬೇಗನೆ ಹುಟ್ಟಿತು. ಜಪಾನಿನ ತೊಹೊಕು ವಿದ್ಯುತ್ ಕಂಪೆನಿಯ ನೌಕರರು ಚಳಿಗಾಲದಲ್ಲಿ ಹಿಮ ಮುಚ್ಚಿದ ಬೆಟ್ಟಗಳಲ್ಲಿ ಓಡಾಡಬೇಕಾಗಿತ್ತು. ಜೀಪಿಗಿಂತ ಹಿತವಾದ ಗಾಡಿ ಬೇಕೆಂದು ಆ ಕಂಪೆನಿ ಕೇಳಿದುದರಿಂದ ಸುಬಾರು ಸಂಸ್ಥೆ ನಾಲ್ಕೂ ಗಾಲಿ ತಿರುಗುವ ಕಾರೊಂದನ್ನು ರಚಿಸಿತು. 1972ರಲ್ಲಿ ಅದು ಲಿಯೋನ್ ಎಂಬ ಹೆಸರಿನಿಂದ ಪೇಟೆಗೆ ಬಂದಿತು. ಅದಕ್ಕೂ ಎರಡು ವರ್ಷ ಮೊದಲೇ, 1970ರಲ್ಲಿ, ಸುಜುಕಿ ಸಂಸ್ಥೆ 359 ಸಿ.ಸಿ.ಯ ಪುಟ್ಟ ಎಂಜಿನನ್ನಿಟ್ಟು ಆಟಿಕೆಯಂಥ ಜೀಪೊಂದನ್ನು ಮಾಡಿತ್ತು. ಇಟಲಿಯ ಫಿಯೆಟ್ ಸಂಸ್ಥೆ 1983ರಲ್ಲಿ ತನ್ನ ಪುಟ್ಟ ಪಾಂಡಾ ಕಾರಿಗೆ ನಾಲ್ಕು ಗಾಲಿಯ ಚಾಲನೆಯನ್ನು ಕೊಟ್ಟಿತು. ಆಲ್ಪ್ಸ್ ಹಳ್ಳಿಗಳಲ್ಲಿ ಅದು ಮನೆಮಾತಾಯಿತು. ಸುಜುಕಿಯ ಆ ಆಟಿಕೆಯ ವಂಶದ್ದೇ 1985ರ ಡಿಸೆಂಬರಿನಲ್ಲಿ ನಮ್ಮ ದೇಶಕ್ಕೆ ಬಂದ ಮಾರುತಿ ಜಿಪ್ಸಿ, ಮತ್ತು 2023ರ ಜೂನಿನಲ್ಲಿ ಐದು ಬಾಗಿಲುಗಳೊಡನೆ ಬಂದ ಜಿಮ್ನಿ.

ಈ ಮಧ್ಯೆ ಅಕ್ಕನ ಮಗನೊಂದಿಗೆ ಫೋನಿನಲ್ಲಿ ಮಾತನಾಡುವ ಸಂದರ್ಭ ಬಂದಿತು. ಅವನು ಇರುವುದು ಅಮೆರಿಕದ ಡೆನ್ವರಿನಲ್ಲಿ. ಚಳಿಗಾಲದ ಶನಿವಾರಗಳಲ್ಲಿ ಹೆಂಡತಿ ಮಕ್ಕಳೊಡನೆ ಸ್ಕೀ ಆಟಕ್ಕೆಂದು ಬೆಟ್ಟಕ್ಕೆ ಹೋಗುತ್ತಾನೆ. ಆ ದಾರಿಯಲ್ಲಿ 11,000 ಅಡಿಗೂ ಎತ್ತರದಲ್ಲಿ ಒಂದು ಸುರಂಗವಿದೆಯಂತೆ. ಅವನೂ ಹಿಂದಿನ ವರ್ಷ ಇದೇ ಪ್ರಶ್ನೆಯೊಡನೆ ಗುದ್ದಾಡಿ, ಸುಬಾರುವಿನ ಕ್ರಾಸ್‌ಟ್ರೆಕ್ ಎಂಬ ಸಣ್ಣ ಕಾರನ್ನು ಕೊಂಡಿದ್ದ. ‘ಯಾವ ಗಾಡಿ ಒಳ್ಳೆಯದು?’ ಎಂದು ನಾನು ಕೇಳಿದರೆ ಅವನು, ‘ಮಾವ, ಮೊದಲು ಟಯರು ನೋಡಿ, ಆಮೇಲೆ ಗಾಡಿ’ ಎಂದ.

ಆ ರಾಜ್ಯದ ಕಾನೂನೇ ಹಾಗಿದೆ. ಕೊಲರಾಡೋದ ಆ ಬೆಟ್ಟದ ಹೆದ್ದಾರಿಯಲ್ಲಿ ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ನಾಲ್ಕು ಗಾಲಿಯ ಚಾಲನೆಯ ಗಾಡಿಯೂ ಟಯರಿನಲ್ಲಿ ಒಂದು ಇಂಚಿನ ಹದಿನಾರರಲ್ಲಿ ಮೂರು ಪಾಲಿನಷ್ಟು, ಎಂದರೆ ಸುಮಾರು 4.8 ಮಿಲಿಮೀಟರು, ಕಚ್ಚಿನ ಆಳವನ್ನು ಉಳಿಸಿಕೊಂಡಿರಬೇಕು. ಚಳಿಗಾಲದ ಟಯರಿನ ರಬ್ಬರು ಬೇರೆಯೇ ಪಾಕದ್ದು. ಉಷ್ಣತೆ 7 ಡಿಗ್ರಿಗಿಂತ ಕೆಳಗಿಳಿದಾಗ ಸಾಮಾನ್ಯ ರಬ್ಬರು ಗಟ್ಟಿಯಾಗಿ ಹಿಡಿತ ಕಳೆದುಕೊಂಡರೆ, ಅದು ಮೆತ್ತಗಿದ್ದು ನೆಲವನ್ನು ಹಿಡಿಯುತ್ತದೆ. ನಮಗೆ ಆ ರಬ್ಬರಿನ ಅಗತ್ಯವಿಲ್ಲ. ನಮಗೆ ಬೇಕಾದುದು ಕೆಸರನ್ನು ಕಚ್ಚಿ, ಸುತ್ತುವಾಗ ಅದನ್ನು ಹೊರಕ್ಕೆ ಎಸೆದು, ಮತ್ತೆ ಕಚ್ಚಬಲ್ಲ ಆಳವಾದ ಸಂದುಗಳುಳ್ಳ ಟಯರು. ಸಂದು ತುಂಬಿದ ಟಯರು ಕೆಸರಿನ ಉಂಡೆಯಾಗುತ್ತದೆ. ಕೆಸರಿನ ಮೇಲೆ ಕೆಸರು ಹೇಗೆ ನಿಂತೀತು?

ಡೆನ್ವರಿನ ಮಾತು ನಮಗೆ ಅನ್ವಯಿಸುವುದೋ ಇಲ್ಲವೋ ಎಂಬ ಸಂಶಯದಿಂದ, ಮೂವತ್ತು ವರ್ಷಗಳಿಂದ ಆ ಭಾಗದಲ್ಲಿ ಸರ್ವೀಸ್ ಜೀಪು ಓಡಿಸುವವರೊಬ್ಬರನ್ನು ಕೇಳಿದೆ. ಅವರು ಬಾಯಿಯ ಎಲೆಯಡಿಕೆಯನ್ನು ಒಂದು ಬದಿಗೆ ಸರಿಸಿ ಹೇಳಿದರು: ‘ಗಾಡಿ ಯಾವುದಾದರೂ ಆಗ್ತದೆ ಮಾಷ್ಟ್ರೆ. ಟಯರು ಬೋಳಾದರೆ ಫೋರ್ ವೀಲ್ ಇದ್ದು ಏನು ಪ್ರಯೋಜನ? ಎರಡು ಜಾರುವಲ್ಲಿ ನಾಲ್ಕು ಜಾರ್ತದೆ, ಅಷ್ಟೆ. ಮತ್ತೆ, ಹತ್ತುವ ಬಗ್ಗೆ ಎಲ್ಲರೂ ಕೇಳ್ತಾರೆ. ಇಳಿಯುವ ಬಗ್ಗೆ ಯಾರೂ ಕೇಳುವುದಿಲ್ಲ.’

ಈ ಕೊನೆಯ ಮಾತು ನನ್ನನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು. ನಿಜವೇ. ಬ್ರೇಕು ಯಾವ ಕಾರಿನಲ್ಲಿಯೂ ನಾಲ್ಕೂ ಗಾಲಿಗಳಿಗಿರುತ್ತದೆ. ಆದುದರಿಂದ ಬ್ರೇಕು ಒತ್ತಿ ನಿಲ್ಲಿಸುವ ವಿಷಯದಲ್ಲಿ ನಾಲ್ಕು ಗಾಲಿಯ ಚಾಲನೆಯಿಂದ ಹೆಚ್ಚಿನ ಲಾಭವೇನೂ ಇಲ್ಲ. ಅಲ್ಲಿ ಕಾಯುವುದು ಟಯರು ಮಾತ್ರ. ಏರಿನಲ್ಲಿ ಸುಲಭವಾಗಿ ಹತ್ತಿದೆನೆಂಬ ಧೈರ್ಯದಿಂದ ಇಳಿಜಾರಿನಲ್ಲಿ ವೇಗವಾಗಿ ಇಳಿದವರು ದರೆಗೆ ಗುದ್ದುತ್ತಾರೆ, ಹಿಮದಲ್ಲಿಯೂ ಕೆಸರಿನಲ್ಲಿಯೂ. ಇಳಿಯುವಾಗ ಉಪಕರಿಸುವ ಇನ್ನೊಂದು ಸಾಧನವುಂಟು. ಅದು ಹಳೆಯ ಜೀಪುಗಳಲ್ಲಿರುವ ಎರಡನೆಯ ಚಿಕ್ಕ ಲಿವರಿನ ಲೋ ಗೇರು. ಅದನ್ನು ಹಾಕಿದರೆ ಎಂಜಿನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಎತ್ತಿನ ಮೂಗುದಾರ ಹಿಡಿದು ಇಳಿಸಿದಂತೆ ನಿಧಾನವಾಗಿ ಇಳಿಸುತ್ತದೆ. ಪೇಟೆಯ ರಸ್ತೆಗೆಂದು ಮಾಡಿದ, ಎಲ್ಲ ಗಾಲಿಗಳಿಗೂ ತಾನಾಗಿಯೇ ಬಲ ಹಂಚುವ ಬಗೆಯ ಕಾರುಗಳಲ್ಲಿ ಸಾಮಾನ್ಯವಾಗಿ ಈ ಲೋ ಗೇರು ಇರುವುದಿಲ್ಲ. ಡೆನ್ವರಿನ ಹುಡುಗನಿಗೆ ಅದು ಬೇಡ. ಅವನದು ಅಗಲವಾದ ಹೆದ್ದಾರಿ, ಹಿಮವನ್ನು ಯಂತ್ರಗಳು ತಳ್ಳಿ ಹಾಕಿರುತ್ತವೆ. ಅಣ್ಣನಿಗೆ ಅದು ಬೇಕೇ ಬೇಕು.

ಹೀಗೆ ನೋಡುತ್ತ ಬಂದಾಗ ಒಂದು ಸೂತ್ರ ಸ್ಪಷ್ಟವಾಯಿತು. ಗಾಡಿಯನ್ನು ಆರಿಸಬೇಕಾದುದು ನಾವು ದಿನವೂ ಓಡಾಡುವ ಮೂವತ್ತು ಮೈಲಿಯನ್ನು ನೋಡಿಯಲ್ಲ, ಅದರಲ್ಲಿ ಅತಿ ಕೆಟ್ಟದಾದ ಮುನ್ನೂರು ಗಜವನ್ನು ನೋಡಿ. ಮತ್ತು ಕಂಪೆನಿಯ ಪುಸ್ತಕದಲ್ಲಿರುವ ಅಂಕಿಗಳನ್ನು ನಮ್ಮ ದಾರಿಯ ಅಂಕಿಗಳೊಡನೆ ಹೋಲಿಸಿ. ನಾನು ಅಳತೆಯ ಟೇಪನ್ನು ಹಿಡಿದು ಎರಡು ದಿನ ಆ ದಾರಿಯಲ್ಲಿ ನಡೆದೆ. ಎರಡು ಕಡೆಯೂ ಮುರಕಲ್ಲಿನ ದರೆಯಿರುವ ತಿರುವೊಂದರಲ್ಲಿ ಅಗಲ 1980 ಮಿಲಿಮೀಟರು ಮಾತ್ರ. ನಡುವಿನಲ್ಲಿ ಎದ್ದುನಿಂತ ಕಲ್ಲಿನ ಎತ್ತರ 170 ಮಿಲಿಮೀಟರು. ಆ ಕಲ್ಲನ್ನು ಒಡೆಯಬಹುದು. ದರೆಯನ್ನು ಕಡಿದರೆ ಮೇಲಿನ ಗುಡ್ಡ ಕುಸಿಯುವ ಭಯ. 2018ರ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಗುಡ್ಡವೇ ಇಳಿದು ಬಂದುದನ್ನು, ಸಂಪಾಜೆಯ ದಾರಿ ಮುಚ್ಚಿಹೋದುದನ್ನು ಕಂಡವರಿಗೆ ದರೆಗೆ ಹಾರೆ ಹಾಕಲು ಕೈ ಬಾರದು.

ಈಗ ಒಂದೊಂದಾಗಿ ನೋಡಿದೆವು. ಥಾರ್ 2020ರ ರೂಪದಲ್ಲಿ ಬಲಶಾಲಿಯಾದ ಗಾಡಿ. ಲೋ ಗೇರುಂಟು, ನೆಲದಿಂದ 226 ಮಿಲಿಮೀಟರು ಎತ್ತರ. ಆದರೆ ಅದರ ಅಗಲ 1820. ಕನ್ನಡಿಗಳನ್ನು ಮಡಚಿಕೊಂಡರೂ ಎರಡು ಬದಿಗಳಲ್ಲಿ ಉಳಿಯುವುದು ಎಂಟೆಂಟು ಸೆಂಟಿಮೀಟರು. ಮಳೆಯ ಸಂಜೆಯಲ್ಲಿ ಮುದುಕನೊಬ್ಬ ಅದನ್ನು ಹಾಯಿಸುವುದು ಸರ್ಕಸ್ಸಿನ ಕೆಲಸ. ಹಿಂದಿನ ಆಸನಕ್ಕೆ ಬೇರೆ ಬಾಗಿಲಿಲ್ಲ; ಮಲಗಿಕೊಂಡು ಬರಬೇಕಾದ ರೋಗಿಗೆ ಅದು ಹೊಂದದು. ಕೊಳ್ಳುವವರು ಇನ್ನೊಂದನ್ನೂ ಗಮನಿಸಬೇಕು: 2023ರಿಂದ ಥಾರ್ ಹೆಸರಿನಲ್ಲಿಯೇ ಹಿಂದಿನ ಎರಡು ಗಾಲಿಗಳಿಂದ ನಡೆಯುವ ಅಗ್ಗದ ಬಗೆಯೂ ಬಂದಿದೆ. ನೋಟಕ್ಕೆ ಎರಡೂ ಒಂದೇ; ಕೆಸರಿನಲ್ಲಿ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಹಳೆಯ ಜೀಪು ಅಗ್ಗ, ಸುಳ್ಯದ ಯಾವ ಗ್ಯಾರೇಜಿನಲ್ಲಿಯೂ ರಿಪೇರಿಯಾಗುತ್ತದೆ. ಆದರೆ ಡಯಾಲಿಸಿಸ್ ಮುಗಿದ ಮೇಲೆ ರಕ್ತದೊತ್ತಡ ಇಳಿದು, ತಲೆ ಎತ್ತಲಾರದೆ ಕುಳಿತವರನ್ನು ಆ ಕುಲುಕಾಟದಲ್ಲಿ ತರುವುದು ಹೇಗೆ? ಜಿಪ್ಸಿ ಹಗುರವಾದ ಗಾಡಿ. ಕೆಸರಿನಲ್ಲಿ ಹಗುರವಾಗಿರುವುದೂ ಒಂದು ಬಲವೇ. ಆದರೆ ಅದರ ಬೆನ್ನೂ ಪಟ್ಟೆ ಸ್ಪ್ರಿಂಗಿನದು, ಜೀಪಿನಷ್ಟೇ ಒರಟು; ಸಾರ್ವಜನಿಕರಿಗೆ ಹೊಸದಾಗಿ ದೊರೆಯುವುದು 2019ರ ಹೊತ್ತಿಗೆ ನಿಂತುಹೋಗಿತ್ತು.

ಉಳಿದುದು ಜಿಮ್ನಿ. ಅಗಲ 1645 ಮಿಲಿಮೀಟರು, ನೆಲದಿಂದ ಎತ್ತರ 210, ಭಾರ 1200 ಕಿಲೋಗ್ರಾಮಿನ ಆಸುಪಾಸು. ಲೋ ಗೇರಿನ ಲಿವರುಂಟು. ಒಂದು ಗಾಲಿ ಗಾಳಿಯಲ್ಲಿ ಸುತ್ತತೊಡಗಿದರೆ ಅದಕ್ಕೆ ಮಾತ್ರ ಬ್ರೇಕು ಹಾಕಿ ಬಲವನ್ನು ನೆಲ ಹಿಡಿದಿರುವ ಗಾಲಿಗೆ ಕಳುಹಿಸುವ ವ್ಯವಸ್ಥೆಯಿದೆ. ಹಿಂದಿನ ಆಸನಕ್ಕೆ ತನ್ನದೇ ಬಾಗಿಲುಗಳಿವೆ. ದೋಷಗಳಿಲ್ಲವೆ? ಇವೆ. ಡಿಕ್ಕಿಯಲ್ಲಿ ಎರಡು ಮೂಟೆ ಅಡಿಕೆಗೆ ಸ್ಥಳ ಸಾಲದು. ಪೆಟ್ರೋಲಿನ ಗಾಡಿ, ಲೋ ಗೇರಿನಲ್ಲಿ ಎಣ್ಣೆ ಕುಡಿಯುತ್ತದೆ. ಒಣಗಿದ ಡಾಮರಿನ ಮೇಲೆ ನಾಲ್ಕು ಗಾಲಿಯ ಚಾಲನೆಯನ್ನು ಹಾಕಿ ಓಡಿಸಬಾರದು. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸಬೇಕಾಗುತ್ತದೆ, ಎರಡನ್ನೂ ಒಂದೇ ವೇಗಕ್ಕೆ ಬಿಗಿದರೆ ಒಳಗಿನ ಹಲ್ಲುಗಳು ಸಂಕಟಪಡುತ್ತವೆ. ಕೆಸರು ಬಂದಾಗ ಹಾಕಬೇಕು, ಡಾಮರು ಬಂದಾಗ ತೆಗೆಯಬೇಕು. ಬೆಲೆಯೂ ಕಡಮೆಯದಲ್ಲ, 2023ರಲ್ಲಿ ಅದು ಬಂದಾಗಲೇ 12.74 ಲಕ್ಷ ರೂಪಾಯಿಗಳಿಂದ ಮೊದಲಾಗಿತ್ತು. ಆದಕಾರಣ ಎರಡು ವರ್ಷ ಓಡಿದ ಒಂದನ್ನು ಹುಡುಕಿದೆವು. ಉಳಿಸಿದ ಹಣದಲ್ಲಿ ನಾಲ್ಕು ಹೊಸ ಟಯರು ಕೊಂಡೆವು. ಮಿಕ್ಕುದರಲ್ಲಿ ಆ ಕಡಿದಾದ ತುಂಡಿನ ಬದಿಗೆ ಕಣಿ ಕಡಿಸಿ, ಗಾಲಿ ಹಾಯುವ ಎರಡು ಪಟ್ಟೆಗಳಿಗೆ ಮಾತ್ರ ಅಡ್ಡಗೆರೆಗಳುಳ್ಳ ಕಾಂಕ್ರೀಟು ಹಾಕಿಸಿದೆವು. ಗೆರೆಯಿಲ್ಲದ ಕಾಂಕ್ರೀಟು ಎರಡನೆಯ ಮಳೆಗೆ ಹಾವಸೆ ಹಿಡಿದು ಜೇಡಿಗಿಂತಲೂ ಹೆಚ್ಚು ಜಾರುತ್ತದೆ.

ಗಾಡಿ ಮನೆಗೆ ಬಂದ ದಿನ ಅತ್ತಿಗೆ ಅದರ ಬಾಗಿಲು ತೆರೆದು, ಒಂದು ಕಾಲಿಟ್ಟು ನೋಡಿ, ‘ಸ್ವಲ್ಪ ಎತ್ತರವಾಯಿತು’ ಎಂದರು. ಅಣ್ಣ ಮರದ ತುಂಡೊಂದನ್ನು ಕೊರೆದು ಒಂದು ಮಣೆ ಮಾಡಿಕೊಟ್ಟ. ಅದು ಈಗ ಗಾಡಿಯೊಳಗೇ ಇರುತ್ತದೆ. ಕಂಪೆನಿಯ ಪುಸ್ತಕದಲ್ಲಿ ಇಲ್ಲದ ಈ ಸಲಕರಣೆಯೇ ಅವರಿಗೆ ಎಲ್ಲಕ್ಕಿಂತ ಹೆಚ್ಚು ಉಪಕಾರಿಯಾಗಿದೆ.

2025ರ ಮಳೆಗಾಲ ಕಳೆಯಿತು. ವಾರಕ್ಕೆ ಮೂರು ಸಲದಂತೆ ಅವರು ಇಳಿದರು, ಏರಿದರು. ತಪ್ಪಿದುದು ಒಂದೇ ಒಂದು ದಿನ. ಅದು ಗಾಡಿಯ ದೋಷವಲ್ಲ. ಆ ಬೆಳಿಗ್ಗೆ ಕೆಳಗಿನ ಕಿರುಸೇತುವೆಯ ಮೇಲೆ ಮೊಣಕಾಲೆತ್ತರದ ಕೆನ್ನೀರು ಹರಿಯುತ್ತಿತ್ತು. ‘ಇದು ಫೋರ್ ವೀಲ್ ಅಲ್ಲವೇ, ದಾಟಬಹುದು’ ಎಂದು ದಡದಲ್ಲಿ ನಿಂತ ಹುಡುಗರು ಹುರಿದುಂಬಿಸಿದರು. ಅಣ್ಣ ಎಂಜಿನು ನಿಲ್ಲಿಸಿ ಸುಮ್ಮನೆ ಕುಳಿತ. ಹರಿಯುವ ನೀರು ಒಂದಡಿಯಾದರೆ ಸಣ್ಣ ಕಾರನ್ನು ತೇಲಿಸಬಲ್ಲುದು, ಎರಡಡಿಯಾದರೆ ದೊಡ್ಡ ಗಾಡಿಗಳನ್ನೂ ಒಯ್ಯಬಲ್ಲುದು. ತೇಲಿದ ಮೇಲೆ ಗಾಲಿಯ ಮೇಲೆ ಭಾರವಿಲ್ಲ, ಭಾರವಿಲ್ಲದಲ್ಲಿ ಘರ್ಷಣೆಯಿಲ್ಲ, ಘರ್ಷಣೆಯಿಲ್ಲದಲ್ಲಿ ಗಾಲಿಗಳು ನಾಲ್ಕಾದರೇನು, ನಲವತ್ತಾದರೇನು? 2022ರ ಆಗಸ್ಟಿನ ಮೊದಲಲ್ಲಿ ಹರಿಹರ ಪಲ್ಲತ್ತಡ್ಕ, ಕೊಲ್ಲಮೊಗ್ರು, ಕಲ್ಮಕಾರುಗಳಲ್ಲಿ ಹೊಳೆಗಳು ಉಕ್ಕಿ, ತೇಲಿಬಂದ ಮರಗಳು ಸೇತುವೆಗಳಿಗೆ ಸಿಲುಕಿದುದನ್ನು ಅವನು ಕಣ್ಣಾರೆ ಕಂಡವನು. ಆಸ್ಪತ್ರೆಗೆ ಫೋನು ಮಾಡಿದ. ಸರದಿ ಮರುದಿನ ಬೆಳಿಗ್ಗೆಗೆ ಬದಲಾಯಿತು. ಆ ದಿನವಿಡೀ ಅತ್ತಿಗೆ ನೀರನ್ನು ಚಮಚದಲ್ಲಿ ಅಳೆದು ಕುಡಿದರು. ಮರುದಿನ ನೀರು ಇಳಿದಿತ್ತು.

ಇಷ್ಟೆಲ್ಲ ಆದ ಮೇಲೆಯೂ ನನ್ನ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿದೆ. ಡೆನ್ವರಿನ ಹುಡುಗ ಆಟಕ್ಕೆ ಹೋಗುವ ದಾರಿಯ ಹಿಮವನ್ನು ಬೆಳಗಾಗುವುದರೊಳಗೆ ಸರಕಾರದ ಯಂತ್ರಗಳು ತಳ್ಳಿರುತ್ತವೆ. ಮಿಕ್ಕ ಸ್ವಲ್ಪವನ್ನು ಅವನ ಕಾರು ನೋಡಿಕೊಂಡರೆ ಸಾಕು. ನಮ್ಮಲ್ಲಿ ರಸ್ತೆ ಮಾಡಬೇಕಾದ ಕೆಲಸವನ್ನೆಲ್ಲ ಗಾಡಿಯೇ ಮಾಡಬೇಕಾಗಿದೆ. ಅಂಥ ಗಾಡಿ ಕೊಳ್ಳಬಲ್ಲವನಿಗೆ ಮಳೆಗಾಲವುಂಟು, ಕೊಳ್ಳಲಾರದವನಿಗೆ ಕುರ್ಚಿಯುಂಟು. ಕಡಬದ ಹೊಸಮಠದಲ್ಲಿ ಪ್ರತಿವರ್ಷವೂ ನೀರಿನಡಿಗೆ ಹೋಗುತ್ತಿದ್ದ ಹಳೆಯ ಮುಳುಗು ಸೇತುವೆಯ ಸ್ಥಾನದಲ್ಲಿ ಈಗ ಎತ್ತರದ ಸೇತುವೆಯಿದೆ. ಅದರ ಮೇಲೆ ಜೀಪೂ ಹೋಗುತ್ತದೆ, ಬಸ್ಸೂ ಹೋಗುತ್ತದೆ, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸೂ ಹೋಗುತ್ತಾಳೆ. ಒಂದು ಸೇತುವೆ ಸಾವಿರ ಮನೆಗಳಿಗೆ ನಾಲ್ಕು ಗಾಲಿಯ ಚಾಲನೆಯನ್ನು ಕೊಟ್ಟಂತೆ.

ಅಣ್ಣನ ಮನೆಯಿಂದ ಆಚೆಗೆ ಅದೇ ದಾರಿಯಲ್ಲಿ ಇನ್ನೂ ಆರು ಮನೆಗಳಿವೆ. ಈಗ ಆ ಮನೆಗಳವರೂ ಜ್ವರ ಬಂದರೆ, ಹೆರಿಗೆಯ ದಿನ ಬಂದರೆ, ರಾತ್ರಿ ಟಾರ್ಚು ಹಿಡಿದು ಅಣ್ಣನ ಅಂಗಳಕ್ಕೆ ಬರುತ್ತಾರೆ. ಅವನು ಇಲ್ಲವೆನ್ನುವುದಿಲ್ಲ. ಆದರೆ ಅವನಿಗೂ ವಯಸ್ಸಾಗುತ್ತಿದೆ. ಕಿರುಸೇತುವೆಯನ್ನು ಎತ್ತರಿಸಿ ದಾರಿಗೆ ಕಣಿ ಮಾಡಿಸಬೇಕೆಂದು ಏಳು ಮನೆಯವರೂ ಸೇರಿ ಗ್ರಾಮಸಭೆಗೆ ಅರ್ಜಿ ಕೊಟ್ಟಿದ್ದಾರೆ. ಆ ತಿರುವಿನ ಅಗಲ, ಏರಿನ ಪ್ರಮಾಣ, ಮಳೆಗಾಲದಲ್ಲಿ ಸೇತುವೆಯ ಮೇಲೆ ನೀರು ಹರಿದ ದಿನಗಳು, ಎಲ್ಲವನ್ನೂ ನಾನೇ ಬರೆದು ಕೊಟ್ಟೆ. ಗಾಡಿಗೆಂದು ಅಳೆದ ಅಳತೆಗಳು ಅದಕ್ಕೂ ಉಪಯೋಗಕ್ಕೆ ಬಂದುವು. ಅರ್ಜಿಯ ಕೆಳಗೆ ಮೊದಲನೆಯ ಸಹಿ ಅತ್ತಿಗೆಯದು.